ಮುನಿಯಣ್ಣನ ಥಿಯರಿ ಪರೀಕ್ಷೆ

ವೆಲ್ಡರ್ ಟ್ರೇಡಿಗೆ ಹೊಸದಾಗಿ ಬೋಧಕರಾಗಿ ಬರುವವರು ಮೊದಲ ದಿನ ತರಗತಿಗೆ ಹೋಗುವ ಮುಂಚೆ, ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಒಂದು ವೆಲ್ಡಿಂಗ್ ರಾಡ್ ಸುಟ್ಟು ನೋಡಬೇಕು. ನಾನು ನೋಡಿರಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದೆ, ನಿಜ. ಆದರೆ ಆ ಮೂರು ವರ್ಷದಲ್ಲಿ ವೆಲ್ಡಿಂಗ್ ಶೆಡ್ಡಿನೊಳಗೆ ಕಾಲಿಟ್ಟದ್ದು ನಾಲ್ಕೈದು ಸಲ, ಅದೂ ಹುಡುಗರ ಬೆನ್ನ ಹಿಂದೆ ನಿಂತು ಇಣುಕಿದ್ದು. ಶಿವಮೊಗ್ಗದ ಒಂದು ಐಟಿಐಯಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ ಆದೇಶ ಬಂದಾಗ ನನಗೆ ಇಪ್ಪತ್ತಮೂರು ವರ್ಷ. ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಎಲ್ಲರಿಗೂ ಸಿಹಿ ಹಂಚಿದರು. ಏನು ಕಲಿಸುವ ಕೆಲಸ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇಪ್ಪತ್ತು ಹುಡುಗರು ಅರ್ಧ ಚಂದ್ರಾಕಾರದಲ್ಲಿ ನಿಂತಿದ್ದರು. ಸೀರೆಯ ಮೇಲೆ ಚರ್ಮದ ಏಪ್ರನ್ ಕಟ್ಟಿಕೊಂಡು, ಮುಖಕ್ಕೆ ಶೀಲ್ಡ್ ಹಿಡಿದು, ಪ್ಲೇಟಿಗೆ ರಾಡ್ ತಾಗಿಸಿದೆ. ಅದು ಅಲ್ಲೇ ಅಂಟಿಕೊಂಡಿತು. ಎಳೆದರೆ ಬರಲಿಲ್ಲ. ಇನ್ನೂ ಜೋರಾಗಿ ಎಳೆದಾಗ ರಾಡಿನ ತುದಿಗೆ ಪ್ಲೇಟೂ ಸೇರಿ ಮೇಲೆದ್ದು ಬಂತು. ಹಿಂದಿನಿಂದ ಒಬ್ಬ ಮೆಲ್ಲಗೆ, "ಮೇಡಂ, ಮೀನು ಬಿತ್ತು" ಅಂದ. ನಕ್ಕವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಏಕೆಂದರೆ ಅದು ನೋಡಲು ಹಾಗೆಯೇ ಇತ್ತು.

ಪ್ರಾಂಶುಪಾಲರು ಕರೆದು ಕೂರಿಸಿಕೊಂಡರು. ನಿವೃತ್ತಿಗೆ ಹತ್ತಿರವಾಗಿದ್ದ, ಮೆತ್ತನೆ ಸ್ವಭಾವದ ಮನುಷ್ಯ. "ಇದಕ್ಕೆಲ್ಲ ಬೇಜಾರು ಮಾಡ್ಕೋಬೇಡ ಮಾರಾಯ್ತಿ. ನೀನು ಥಿಯರಿ ನೋಡ್ಕೋ. ಪ್ರಾಕ್ಟಿಕಲ್‌ಗೆ ಯಾರನ್ನಾದ್ರೂ ಹಾಕ್ತೀನಿ" ಎಂದರು.

ಅವರು ಕೆಟ್ಟವರಲ್ಲ, ಹೆದರಿದ್ದವರು. ಯಂತ್ರ ಹಾಳಾದರೆ ಮೇಲಿನವರಿಗೆ ಉತ್ತರ ಕೊಡಬೇಕಲ್ಲ ಎಂಬ ಒಂದೇ ಚಿಂತೆ ಅವರಿಗೆ. ಹೊಸ ವೆಲ್ಡಿಂಗ್ ಸೆಟ್ಟುಗಳು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಸಿಕೊಳ್ಳದೆ ಸ್ಟೋರಿನಲ್ಲಿ ಬೀಗದೊಳಗೆ ಕೂತಿದ್ದವು. ರಾಡುಗಳನ್ನು ಎಷ್ಟು ಜೋಪಾನ ಮಾಡುತ್ತಿದ್ದರೆಂದರೆ, ಒಂದು ಮಳೆಗಾಲ ಕಳೆದು ಪೆಟ್ಟಿಗೆ ತೆರೆದಾಗ ಶೀತ ಹಿಡಿದು ಅವುಗಳ ಲೇಪವೆಲ್ಲ ಹಳೆಯ ಗೋಡೆಯ ಸುಣ್ಣದಂತೆ ಉದುರಿತು. ನಮ್ಮ ಸಂಸ್ಥೆಯ ದೊಡ್ಡ ಗೇಟಿನ ಕೀಲು ಮುರಿದಾಗಲೂ ಅವರು ಒಳಗಿನ ಯಂತ್ರ ಮುಟ್ಟಿಸಲಿಲ್ಲ. ವೆಲ್ಡಿಂಗ್ ಕಲಿಸುವ ಜಾಗದ ಗೇಟನ್ನು ಬೆಸೆಯಲು ಭದ್ರಾವತಿಯಿಂದ ಒಬ್ಬರನ್ನು ಕರೆಸಿದರು.

ಹಾಗೆ ಬಂದವರು ಮುನಿಸ್ವಾಮಿ. ಎಲ್ಲರೂ ಮುನಿಯಣ್ಣ ಎನ್ನುತ್ತಿದ್ದರು. ಆಗ ಅವರಿಗೆ ಇಪ್ಪತ್ತೈದು ದಾಟಿರಬೇಕು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ತಮ್ಮದೇ ಸೆಟ್ ತಂದಿದ್ದರು. ಗೇಟಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಅವರು ಎಳೆದ ಗೆರೆಯ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿದಾಗ ಅದು ಒಂದೇ ತುಂಡಾಗಿ ಕಳಚಿ ಬಿತ್ತು. ಕೆಳಗೆ ಜಡೆ ಹೆಣೆದ ಹಾಗೆ ಒಂದರ ಮೇಲೊಂದು ಸಮನಾದ ಮಡಿಕೆ. ನಾನು ಅಲ್ಲೇ ನಿಂತಿದ್ದೆ.

"ನನಗೆ ಕಲಿಸ್ತೀರಾ?" ಎಂದು ಕೇಳಿದೆ.

"ಯಾರಿಗಮ್ಮಾ? ನಿಮ್ಮ ಹುಡುಗರಿಗಾ?"

"ನನಗೆ. ನಾನಿಲ್ಲಿ ಟೀಚರು. ನನಗೆ ಬರಲ್ಲ."

ಅವರು ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. "ಭಾನುವಾರ ಬನ್ನಿ. ಹತ್ತಿ ಬಟ್ಟೆ ಹಾಕ್ಕೊಂಡು ಬನ್ನಿ, ನೈಲಾನ್ ಬೇಡ" ಎಂದರು.

ಭದ್ರಾವತಿಯ ನ್ಯೂ ಟೌನಿನಲ್ಲಿ ಬಸ್ಸಿಳಿದು ಹತ್ತು ನಿಮಿಷ ನಡೆದರೆ ಅವರ ತಗಡಿನ ಶೆಡ್ಡು. ಹಿಂದೆಯೇ ಮನೆ. ಅವರ ಹೆಂಡತಿ ಶಾಂತಿಯಕ್ಕ ಮೊದಲ ದಿನ ನನ್ನನ್ನು ಗ್ರಿಲ್ ಆರ್ಡರ್ ಕೊಡಲು ಬಂದವಳೆಂದುಕೊಂಡು ಸ್ಟೂಲ್ ಹಾಕಿ ಕೂರಿಸಿದ್ದರು. ಅಂದು ಮುನಿಯಣ್ಣ ನನ್ನ ಕೈಗೆ ರಾಡನ್ನೇ ಕೊಡಲಿಲ್ಲ. ಬೆನ್ನು ತಿರುಗಿಸಿ ಕೂರಿಸಿ, ತಾವು ಬೆಸೆಯುತ್ತಾ ಸದ್ದು ಕೇಳಿಸಿಕೊಳ್ಳಿ ಎಂದರು.

"ಹಪ್ಪಳ ಕರಿದಂಗೆ ಒಂದೇ ಸಮ ಬಂದ್ರೆ ಸರಿ ಇದೆ ಅಂತ. ಪಟಪಟ ಅಂತ ಸಿಡಿದ್ರೆ ದೂರ ಹಿಡಿದಿದೀರಿ ಅಂತ. ಆಗ ಕಿಡಿ ಜಾಸ್ತಿ ಹಾರುತ್ತೆ, ಒಳಗೆ ಗಾಳಿ ಸೇರ್ಕೊಳ್ಳುತ್ತೆ. ಕಣ್ಣಿಗೆ ಮುಂಚೆ ಕಿವಿಗೆ ಗೊತ್ತಾಗುತ್ತಮ್ಮಾ."

ಮುಂದಿನ ಭಾನುವಾರ ರಾಡ್ ಕೊಟ್ಟರು. "ಅದು ಕರಗ್ತಾ ಕರಗ್ತಾ ಚಿಕ್ಕದಾಗುತ್ತೆ. ನಿಮ್ಮ ಕೈ ಅದರ ಜೊತೆ ಇಳೀತಾ ಹೋಗ್ಬೇಕು. ಅದು ಇಳಿದ್ಮೇಲೆ ನೀವಿಳಿಯೋದಲ್ಲ." ನಾಲ್ಕು ತಿಂಗಳು ಹೀಗೆ ಹೋಯಿತು. ಒಂದು ಸಲ ಶೀಲ್ಡ್ ಸರಿಯಾಗಿ ಹಿಡಿಯದೆ, ಕಣ್ಣಿಗೆ ಮರಳು ಸುರಿದಂತಾಗಿ ನೀರಿಳಿಯತೊಡಗಿದಾಗ ಶಾಂತಿಯಕ್ಕ ಒದ್ದೆ ಬಟ್ಟೆ ಕಣ್ಣಿಗಿಟ್ಟು, ಸಂಜೆಯವರೆಗೆ ಮಲಗಿಸಿಕೊಂಡು, ತಾವೇ ಬಸ್ಸು ಹತ್ತಿಸಿದ್ದರು. ಫೀಸಿನ ಮಾತೆತ್ತಿದರೆ ಮುನಿಯಣ್ಣ ಎದ್ದು ಹೋಗಿಬಿಡುತ್ತಿದ್ದರು.

ಕೊನೆಗೊಂದು ಭಾನುವಾರ ನಾನು ನೆಟ್ಟಗೆ ನಿಲ್ಲಿಸಿದ ಪ್ಲೇಟಿನ ಮೇಲೆ ಕೆಳಗಿನಿಂದ ಮೇಲಕ್ಕೆ ಗೆರೆ ಎಳೆದೆ. ಅವರು ಬೆರಳಾಡಿಸಿ ನೋಡಿ, ತಲೆಯಾಡಿಸಿ, "ಒಂದಿನ ನನಗೂ ಅಕ್ಷರ ಹೇಳ್ಕೊಡಿ ಟೀಚರಮ್ಮ. ನಾನು ಶಾಲೆ ಮುಖ ನೋಡಿಲ್ಲ" ಎಂದರು.

"ಆಯ್ತು ಮುನಿಯಣ್ಣ, ಮುಂದಿನ ವಾರದಿಂದ" ಎಂದೆ.

ಮುಂದಿನ ವಾರ ನಾನು ಹೋಗಲಿಲ್ಲ. ನನ್ನ ಕಲಿಕೆ ಮುಗಿದಿತ್ತು. ಆಮೇಲೆ ಮದುವೆ, ಮಗಳು, ಪರೀಕ್ಷೆಯ ಕೆಲಸ. ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದೆ, ಊಟ ಮಾಡಿ ಬರುತ್ತಿದ್ದೆ. ಅಕ್ಷರದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನು ಮರೆತೇಬಿಟ್ಟೆ.

ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಹೊಸ ಬೋಧಕರಾದ ನೀವೂ ಮಾಡುವ ಸಾಧ್ಯತೆ ಹೆಚ್ಚು. ಕೋರ್ಸ್ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ವರ್ಕ್‌ಶಾಪುಗಳಿಗೆ ಕಳಿಸಿದಾಗ, ಅವರು ಅಲ್ಲಿ ನಿಜವಾಗಿ ಏನು ಕಲಿಯುತ್ತಿದ್ದಾರೆಂದು ಹೋಗಿ ನೋಡುವುದೂ ನನ್ನ ಪಾಲಿಗೆ ಬಂದಿತ್ತು. ಪ್ರತಿಯೊಬ್ಬರಿಗೂ ಒಂದು ಲಾಗ್ ಪುಸ್ತಕ. ವರ್ಕ್‌ಶಾಪಿನವರು ಅದರಲ್ಲಿ ಕೆಲಸ ಬರೆಯುತ್ತಾರೆ, ನಾವು ನೋಡಿ ಸಹಿ ಮಾಡಬೇಕು.

ರೂಪಾ ನನ್ನ ಟ್ರೇಡಿಗೆ ಸೇರಿದ ಮೊದಲ ಹುಡುಗಿ. ಭದ್ರಾವತಿ ಹತ್ತಿರದ ಹಳ್ಳಿಯ ರೈತರ ಮಗಳು. ಕೈ ತುಂಬಾ ಸ್ಥಿರ, ಮಾತು ಕಡಿಮೆ. ಅವಳಿಗೆ ಒಂದು ಸಣ್ಣ ಫ್ಯಾಬ್ರಿಕೇಷನ್ ಘಟಕದಲ್ಲಿ ಜಾಗ ಕೊಡಿಸಿ ಬೀಗಿದ್ದೆ. ತಿಂಗಳಿಗೊಮ್ಮೆ ಲಾಗ್ ಪುಸ್ತಕ ಬರುತ್ತಿತ್ತು. 'ಬಟ್ ಜಾಯಿಂಟ್, ಉತ್ತಮ', 'ಲ್ಯಾಪ್ ಜಾಯಿಂಟ್, ಉತ್ತಮ' ಎಂದು ಚೆಂದದ ಅಕ್ಷರದಲ್ಲಿ ಬರೆದಿರುತ್ತಿತ್ತು. ಹೋಗಿ ನೋಡಬೇಕಾಗಿದ್ದ ದಿನ ಸಂಸ್ಥೆಯ ಕಿರಿಯ ಮಕ್ಕಳನ್ನು ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಕರೆದುಕೊಂಡು ಹೋಗುವವರು ಯಾರೂ ಇಲ್ಲವೆಂದು ನಾನೇ ಹೊರಟೆ. ಹುಲಿ ನೋಡಿ ಬಂದು ಮರುದಿನ ಪುಸ್ತಕಕ್ಕೆ ಸಹಿ ಹಾಕಿದೆ. ಒಂದು ಸಲ ಹಾಗೆ ಹಾಕಿದ ಮೇಲೆ ಮುಂದಿನ ಸಲ ಇನ್ನೂ ಸುಲಭವಾಯಿತು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ರೂಪಾ ಸ್ಥಿರವಾಗಿ ಗೆರೆ ಎಳೆಯಲಾರದೆ ನಿಂತಳು. ಹೊರಗೆ ಕರೆದು ಕೇಳಿದೆ.

"ವೆಲ್ಡಿಂಗ್ ಮಾಡಿಸ್ಲೇ ಇಲ್ಲ ಮೇಡಂ. ಹೆಣ್ಣುಮಗು, ಬಿಸಿ ತಡ್ಕೊಳ್ಳಲ್ಲ ಅಂತ ಹನ್ನೊಂದು ತಿಂಗಳು ಆಫೀಸಲ್ಲಿ ಕೂರ್ಸಿದ್ರು. ಫೋನ್ ತಗೊಳ್ಳೋದು, ಫೈಲ್ ಜೋಡ್ಸೋದು."

"ಲಾಗ್ ಬುಕ್‌ನಲ್ಲಿ ಬರೆದಿತ್ತಲ್ಲಮ್ಮ?"

"ನನ್ನ ಕೈಯಲ್ಲೇ ಬರೆಸ್ತಿದ್ರು."

"ನನಗೆ ಹೇಳಬಾರದಿತ್ತಾ?"

ಅವಳು ತಲೆ ಎತ್ತಲಿಲ್ಲ. "ನೀವು ಬರ್ತೀರಿ ಅಂತ ಕಾಯ್ತಿದ್ದೆ" ಎಂದಳು.

ಮೂವತ್ತು ಚಿಲ್ಲರೆ ವರ್ಷದ ಕೆಲಸದಲ್ಲಿ ನನಗೆ ನೋಟಿಸ್ ಬಂದಿದೆ, ಬೈಗುಳ ಬಂದಿದೆ. ಈ ಮಾತಿನಷ್ಟು ಯಾವುದೂ ತಾಗಿಲ್ಲ. ಆಮೇಲೆ ನಾನು ಹೇಳಿ ಹೋಗುವ ಪದ್ಧತಿಯನ್ನೇ ಬಿಟ್ಟೆ. ಯಾವುದೋ ಒಂದು ದಿನ ಬಸ್ಸಿಳಿದು ಸೀದಾ ಒಳಗೆ ಹೋಗಿ ನಿಲ್ಲುತ್ತಿದ್ದೆ. ಮಾಲೀಕರಿಗೆ ಇಷ್ಟವಾಗುತ್ತಿರಲಿಲ್ಲ, ಆದರೆ ಮಕ್ಕಳ ಕೈ ನೋಡಿದರೆ ನನಗೆ ಸತ್ಯ ತಿಳಿಯುತ್ತಿತ್ತು. ವೆಲ್ಡಿಂಗ್ ಕಲಿಯುವವರ ಕೈ ಮೇಲೆ ಸಣ್ಣ ಸಣ್ಣ ಕಿಡಿಯ ಕಲೆ ಇರಲೇಬೇಕು.

ರೂಪಾಳನ್ನು ಮುನಿಯಣ್ಣನ ಶೆಡ್ಡಿಗೆ ಕರೆದುಕೊಂಡು ಹೋದೆ. ಅವರು ಏನೂ ಕೇಳದೆ ಅವಳನ್ನು ಬೆನ್ನು ತಿರುಗಿಸಿ ಕೂರಿಸಿದರು. ಎಂಟು ತಿಂಗಳು ಅಲ್ಲಿದ್ದಳು. ಮರುಪರೀಕ್ಷೆ ಪಾಸಾಗಿ, ಒಂದೆರಡು ಕಡೆ ಕೆಲಸ ಮಾಡಿ, ಬೋಧಕರ ತರಬೇತಿ ಮುಗಿಸಿ, ಕೆಲವು ವರ್ಷಗಳ ಮೇಲೆ ನಮ್ಮ ಸಂಸ್ಥೆಗೇ ನನ್ನ ಸಹೋದ್ಯೋಗಿಯಾಗಿ ಬಂದಳು. ಆದರೂ ನನ್ನನ್ನು ಮೇಡಂ ಅನ್ನುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಕೆಲಸದ ರೀತಿ ಪೂರಾ ಬದಲಾಗಿತ್ತು. ಹಳೆಯ ಪ್ರಾಂಶುಪಾಲರ ಬೀಗಗಳು ಹೋದವು. ದೊಡ್ಡ ಲ್ಯಾಬ್ ಬಂತು, ರೋಬೋಟ್ ಬಂತು. ತಲೆಗೆ ಹಾಕಿಕೊಂಡರೆ ಕಿಡಿಯಿಲ್ಲದೆ, ಹೊಗೆಯಿಲ್ಲದೆ ವೆಲ್ಡಿಂಗ್ ಮಾಡಿದಂತೆ ಕಾಣುವ ಹೆಲ್ಮೆಟ್ ಬಂತು. ಕೈ ಓರೆಯಾದರೆ ಅದೇ ಕೆಂಪು ಗೆರೆ ತೋರಿಸಿ ಅಂಕ ಕೊಡುತ್ತದೆ. ಮೊದಲು ಮೂಗು ಮುರಿದೆ. ಆಮೇಲೆ ನೋಡಿದರೆ ಬೆಂಕಿಗೆ ಹೆದರಿ ದೂರ ನಿಲ್ಲುತ್ತಿದ್ದವರೇ ಅದನ್ನು ಹಾಕಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದರು. ಅದರಲ್ಲಿ ತೊಂಬತ್ತು ಅಂಕ ತೆಗೆದವನು ನಿಜವಾದ ಕಿಡಿಗೆ ಬೆಚ್ಚಿ ಹಿಂದೆ ಹಾರುವುದೂ ಉಂಟು. ಎರಡೂ ಬೇಕು. ಒಂದನ್ನು ಹೊಗಳಲು ಇನ್ನೊಂದನ್ನು ಬೈಯಬೇಕಾಗಿಲ್ಲ.

ತರಬೇತಿಯ ಅರ್ಧ ಭಾಗ ಕಾರ್ಖಾನೆಯಲ್ಲೇ ಆಗಬೇಕೆಂಬ ಪದ್ಧತಿಯೂ ಬಂತು. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಒಂದು ಖಾಸಗಿ ಕಾರ್ಖಾನೆ ನಮ್ಮ ಮಕ್ಕಳನ್ನು ತೆಗೆದುಕೊಳ್ಳಲು ಒಪ್ಪಿತು. ಅಲ್ಲಿ ಅವರಿಗೆ ಕಲಿಸಲು ಒಬ್ಬರು ಬೇಕಿತ್ತು. ನಾನೂ ರೂಪಾಳೂ ಒಟ್ಟಿಗೆ ಮುನಿಯಣ್ಣನ ಹೆಸರು ಹೇಳಿದೆವು.

ಮುನಿಯಣ್ಣನಿಗೂ ಆ ಕೆಲಸ ಬೇಕಾಗಿತ್ತು. ಅಂಗಡಿಗಳಲ್ಲಿ ಸಿದ್ಧ ಗೇಟುಗಳು ಸಿಗತೊಡಗಿ ಶೆಡ್ಡಿಗೆ ಬರುವವರು ಕಡಿಮೆಯಾಗಿದ್ದರು. ವಯಸ್ಸು ಅರವತ್ತರ ಹತ್ತಿರ, ಮಂಡಿ ನೋವು. ಕಾರ್ಖಾನೆಯ ಮ್ಯಾನೇಜರ್ ಅವರಿಂದ ಒಂದು ಪೈಪ್ ಬೆಸೆಸಿ ನೋಡಿ, "ಇವರೇ ಬೇಕು. ಆದ್ರೆ ಕಲಿಸೋರಿಗೆ ಸರ್ಟಿಫಿಕೇಟ್ ಇರ್ಲೇಬೇಕು ಮೇಡಂ, ನನ್ನ ಕೈಲಿಲ್ಲ" ಎಂದರು.

ಕೈಯಿಂದಲೇ ಕೆಲಸ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಒಂದು ಯೋಜನೆ ಆಗ ನಡೆಯುತ್ತಿತ್ತು. ನಮ್ಮಲ್ಲೇ ಅದರ ಶಿಬಿರ, ಉಸ್ತುವಾರಿ ನನ್ನದು. ಪರೀಕ್ಷಿಸಲು ಹೊರಗಿನಿಂದ ಒಬ್ಬ ಯುವಕ ಬಂದಿದ್ದ. ಬೆಳಗ್ಗೆ ಪ್ರಾಕ್ಟಿಕಲ್. ಮುನಿಯಣ್ಣ ಬೆಸೆದ ಪ್ಲೇಟನ್ನು ಅವನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ, ತನಗೇ ಇಟ್ಟುಕೊಳ್ಳಲು. ಮಧ್ಯಾಹ್ನ ಥಿಯರಿ. ಎಲ್ಲರ ಕೈಗೂ ಒಂದೊಂದು ಟ್ಯಾಬ್ ಕೊಟ್ಟ.

ಮುನಿಯಣ್ಣ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾ ಕೂತರು. ಆ ಕ್ಷಣದಲ್ಲಿ ನನಗೆ ಅಕ್ಷರದ ಮಾತು ನೆನಪಾಯಿತು. ನಾನು ಅವರ ಹಿಂದೆಯೇ ನಿಂತಿದ್ದೆ. ತೆರೆಯ ಮೇಲೆ ಕನ್ನಡದಲ್ಲೇ ಇತ್ತು: ಆರ್ಕ್‌ನ ಉದ್ದ ಹೆಚ್ಚಾದರೆ ಏನಾಗುತ್ತದೆ? ಕೆಳಗೆ ನಾಲ್ಕು ಉತ್ತರ. ರಾಡನ್ನು ದೂರ ಹಿಡಿದರೆ ಎಂದೇ ಅದರ ಅರ್ಥ, ಅವರೇ ನನಗೆ ಮೊದಲ ದಿನ ಹೇಳಿಕೊಟ್ಟದ್ದು.

ಅವರು ತಿರುಗಿ ತಗ್ಗಿದ ದನಿಯಲ್ಲಿ, "ಏನು ಕೇಳಿದ್ದಾರಮ್ಮಾ?" ಎಂದರು.

ನಾನು ಆ ಯುವಕನ ಮುಖ ನೋಡಿದೆ. "ಓದಿ ಹೇಳೋಕೆ ಅವಕಾಶ ಇಲ್ಲ ಮೇಡಂ" ಎಂದ, ಮರ್ಯಾದೆಯಾಗಿಯೇ. ನಾನು ಉಸ್ತುವಾರಿಯವಳು. ಸುಮ್ಮನೆ ನಿಂತೆ. ಮುನಿಯಣ್ಣ ಇನ್ನೊಮ್ಮೆ ಕೇಳಲಿಲ್ಲ. ಬೆರಳನ್ನು ಎಲ್ಲೋ ಒಂದು ಕಡೆ ಒತ್ತಿದರು, ಮತ್ತೆ ಒತ್ತಿದರು, ಹಾಗೆಯೇ ಕೊನೆಯವರೆಗೂ ಒತ್ತಿ ಟ್ಯಾಬ್ ಮರಳಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಗೇಟಿನವರೆಗೆ ಹಿಂದೆ ಹೋದೆ. "ಬಿಸಿಲಿದೆ, ಒಳಗೆ ಹೋಗಿ ಟೀಚರಮ್ಮ" ಎಂದು ಅವರೇ ಹೇಳಿದರು.

ಥಿಯರಿಯಲ್ಲಿ ಅನುತ್ತೀರ್ಣ ಎಂದು ಬಂತು.

ರೂಪಾ ನನ್ನ ಮೇಲೆ ಮುನಿದಳು. ಬಾಯಿ ಬಿಟ್ಟು ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಮಾತಾಡದೆ ಇದ್ದು ಮೂರನೆಯ ದಿನ, "ಒಂದು ಅರ್ಜಿ ಬರೀರಿ ಮೇಡಂ, ನಾನೂ ಸಹಿ ಹಾಕ್ತೀನಿ" ಎಂದಳು. ಇಬ್ಬರೂ ಜಿಲ್ಲೆಯ ಮೇಲಧಿಕಾರಿಯ ಬಳಿ ಹೋದೆವು. ನಾನು ಕಂಡ ಒಳ್ಳೆಯ ಅಧಿಕಾರಿಗಳಲ್ಲಿ ಆಕೆಯೂ ಒಬ್ಬರು. ನಿಯಮದ ಪುಸ್ತಕವನ್ನು ಪುಟ ಪುಟ ತಿರುವಿ, "ಓದಿ ಹೇಳಬಾರದು ಅಂತ ಇದರಲ್ಲಿ ಎಲ್ಲೂ ಇಲ್ಲವಲ್ಲ. ಇಲ್ಲದ್ದನ್ನ ನಾವೇ ಯಾಕೆ ಸೇರಿಸ್ಕೋಬೇಕು?" ಎಂದು, ಮುಂದಿನ ಶಿಬಿರದಲ್ಲಿ ಓದಲು ಬಾರದವರಿಗೆ ಪ್ರಶ್ನೆಗಳನ್ನು ಓದಿ ಹೇಳಬಹುದೆಂದು ಮೇಲಿನವರಿಂದ ಒಪ್ಪಿಗೆ ತರಿಸಿ ಪತ್ರ ಕೊಟ್ಟರು.

ಆ ಪತ್ರ ಹಿಡಿದು ಭದ್ರಾವತಿಗೆ ಹೋಗುವಾಗ ದಾರಿಯುದ್ದಕ್ಕೂ ನನಗೆ ಹಗುರಾಗಿತ್ತು. ಮುನಿಯಣ್ಣ ಶೆಡ್ಡಿನಲ್ಲಿ ಹಳೆಯ ಸೈಕಲ್ಲಿನ ಕ್ಯಾರಿಯರ್ ಬೆಸೆಯುತ್ತಿದ್ದರು. ಪತ್ರ ಓದಿ ಹೇಳಿದೆ. ಕೇಳಿಸಿಕೊಂಡು ಕೈ ಒರೆಸಿಕೊಂಡರು.

"ಬೇಡಮ್ಮಾ."

"ಯಾಕೆ ಮುನಿಯಣ್ಣ? ಉತ್ತರ ಎಲ್ಲಾ ನಿಮಗೆ ಗೊತ್ತಿರೋದೇ."

"ಅವತ್ತು ನೀವು ಓದಿ ಹೇಳ್ತೀರಿ. ನಾಳೆ ಕಾರ್ಖಾನೇಲಿ ಮಕ್ಕಳು ಪುಸ್ತಕ ತಂದು ಸಾರ್ ಇದೇನು ಅಂತಾರೆ. ಅವತ್ತು ಯಾರು ಓದಿ ಹೇಳ್ತಾರೆ?" ಸಿಟ್ಟಿಲ್ಲದೆ ಕೇಳಿದರು: "ನಾನು ನಿಮಗೆ ವೆಲ್ಡಿಂಗ್ ಮಾಡಿಕೊಟ್ನಾ ಟೀಚರಮ್ಮ, ಕಲಿಸ್ಕೊಟ್ನಾ?"

ಶಾಂತಿಯಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು, "ಮುಂದಿನ ವಾರ" ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದೆ.

"ಒಂದು ಸೀಮೆಸುಣ್ಣ ಕೊಡಿ ಅಕ್ಕ. ಇವತ್ತೇ ಶುರು ಮಾಡೋಣ" ಎಂದೆ.

ಮುಂದಿನ ಶಿಬಿರಕ್ಕೆ ಆರು ತಿಂಗಳಿತ್ತು. ಪ್ರತಿ ಭಾನುವಾರ ನಾನು ಹೋದೆ. ನನಗೆ ಹೋಗಲಾಗದ ದಿನ ರೂಪಾ ಹೋದಳು. ಮೊದಲ ವಾರಗಳಲ್ಲಿ ಪೆನ್ನು ಅವರ ಬೆರಳಲ್ಲಿ ನಿಲ್ಲುತ್ತಿರಲಿಲ್ಲ. "ಇದು ತುಂಬಾ ಹಗುರಮ್ಮಾ, ಹಿಡಿದಂಗೇ ಆಗಲ್ಲ" ಎನ್ನುತ್ತಿದ್ದರು. ಒಂದು ಭಾನುವಾರ ಹೋಗಿ ನೋಡಿದರೆ ತುಕ್ಕು ಹಿಡಿದ ಹಳೆಯ ತಗಡಿನ ಮೇಲೆ ವೆಲ್ಡಿಂಗ್‌ನಲ್ಲೇ ಅ ಬರೆದು, ಆ ಬರೆದು, ಇ ಬರೆದು ಕಿಟ್ಟ ತಟ್ಟುತ್ತಿದ್ದರು. ನಾನು ಸೀಮೆಸುಣ್ಣದಲ್ಲಿ ಬರೆದದ್ದಕ್ಕಿಂತ ಆ ಅಕ್ಷರಗಳು ಚೆಂದವಾಗಿದ್ದವು.

"ಕನ್ನಡ ಅಕ್ಷರ ಎಲ್ಲಾ ಗುಂಡಗಿದೆ. ಪೈಪ್ ಸುತ್ತಿದಂಗೆ ಸುತ್ತಿದ್ರೆ ಆಯ್ತು" ಎಂದರು.

ಒತ್ತಕ್ಷರ ಬಂದಾಗ ಕಷ್ಟವಾಯಿತು. ಒಂದರ ಕೆಳಗೊಂದು ಯಾಕೆ ಕೂರಬೇಕು, ಪಕ್ಕದಲ್ಲಿ ಕೂತರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ಒಂದು ದಿನ ಪುಸ್ತಕ ಮುಚ್ಚಿಟ್ಟು, "ನನ್ನ ತಲೆಗೆ ಇಷ್ಟೇ" ಎಂದು ಎದ್ದುಹೋದರು. ಎರಡು ಭಾನುವಾರ ನಾನು ಹೋದರೂ ಎದುರಿಗೆ ಬರಲಿಲ್ಲ. ನಾನು ಶಾಂತಿಯಕ್ಕನ ಜೊತೆ ಕಾಫಿ ಕುಡಿದು ಬಂದೆ. ಮೂರನೆಯ ಭಾನುವಾರ ಅವರೇ ಬಾಗಿಲಲ್ಲಿ ಕಾಯುತ್ತಿದ್ದರು. ಕೈಯಲ್ಲಿ ಮೆಣಸಿನಕಾಯಿ ಕಟ್ಟಿಕೊಟ್ಟಿದ್ದ ಪತ್ರಿಕೆಯ ತುಂಡು.

"ಯಾರೋ ಒಬ್ಬ ತಮ್ಮನ್ನ ಹುಡುಕ್ಕೊಂಡು ಹೋದ ಅಂತ ಬರೆದಿದೆ. ಸಿಕ್ಕಿದ್ನಾ ಇಲ್ವಾ ಅನ್ನೋ ಜಾಗದಲ್ಲಿ ಹರಿದುಹೋಗಿದೆ ನೋಡಿ" ಎಂದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಪಕ್ಕದಲ್ಲಿ ಕೂತು ಆ ತುಂಡನ್ನು ಮೊದಲಿನಿಂದ ಇಬ್ಬರೂ ಓದಿದೆವು.

ಎರಡನೆಯ ಶಿಬಿರಕ್ಕೂ ಅದೇ ಯುವಕ ಬಂದ. ಅವನಿಗೆ ಪತ್ರದ ವಿಷಯ ತಿಳಿದಿತ್ತು. "ಓದಿ ಹೇಳ್ಲಾ ಸಾರ್?" ಎಂದು ತಾನಾಗಿ ಮುನಿಯಣ್ಣನನ್ನು ಕೇಳಿದ. ಅವರು ತಲೆಯಾಡಿಸಿ ಬೇಡವೆಂದರು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದಿದರು. ಉಳಿದವರೆಲ್ಲ ಮುಗಿಸಿ ಎದ್ದುಹೋದರು. ರೂಪಾ ಹೊರಗೆ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು. ಸಮಯ ಮುಗಿದಾಗ ಟ್ಯಾಬ್ ತಾನಾಗಿ ನಿಂತಿತು.

"ಮೂರು ಉಳೀತು" ಎಂದರು ಹೊರಗೆ ಬಂದು.

"ಹೋದ ಸಲದಂಗೆ ಒತ್ತಿಬಿಡಬೇಕಿತ್ತು ಮುನಿಯಣ್ಣ, ಯಾವ್ದಾದ್ರೂ ಸರಿಯಾಗ್ತಿತ್ತು" ಎಂದಳು ರೂಪಾ.

"ಇಲ್ಲಮ್ಮಾ. ಓದದೇ ಒತ್ತಲಿಲ್ಲ."

ಪಾಸಾಗಲು ಬೇಕಾದದ್ದಕ್ಕಿಂತ ಸ್ವಲ್ಪವೇ ಹೆಚ್ಚು ಬಂದಿತ್ತು. ಆದರೂ ಅದು ಪಾಸೇ. ಶಾಂತಿಯಕ್ಕ ಸರ್ಟಿಫಿಕೇಟನ್ನು ಗೋಡೆಗೆ ಹಾಕಲು ಹೋದರೆ, ಮುನಿಯಣ್ಣ ಅದನ್ನು ತೆಗೆದುಕೊಂಡು ಮೊದಲು ಪೂರ್ತಿ ಓದಿದರು.

ನನ್ನ ಸೇವೆಯ ಕೊನೆಯ ತಿಂಗಳು ಆ ಕಾರ್ಖಾನೆಗೆ ಹೇಳದೆ ಕೇಳದೆ ಒಂದು ಸಲ ಹೋದೆ, ಎಂದಿನಂತೆ. ತರಬೇತಿ ಕೋಣೆಯ ಬಾಗಿಲು ತೆರೆದೇ ಇತ್ತು. ಮುನಿಯಣ್ಣ ನೀಲಿ ಸಮವಸ್ತ್ರದಲ್ಲಿ ಬೋರ್ಡಿಗೆ ಬರೆಯುತ್ತಿದ್ದರು. ನಮ್ಮ ಹದಿನಾರು ಮಕ್ಕಳು ಬೆಂಚುಗಳಲ್ಲಿ ಕೂತಿದ್ದರು. ದೊಡ್ಡದಾಗಿ, ಗುಂಡಗೆ ಬರೆದಿದ್ದರು: 'ವೆಡಿಂಗ್ ಮಾಡುವ ಮುಂಚೆ.'

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅನುಮಾನಿಸುತ್ತಾ ಕೈ ಎತ್ತಿದಳು. "ಸಾರ್, ಅದು ಮದುವೆ ಆಯ್ತು."

ಮಕ್ಕಳೆಲ್ಲ ನಕ್ಕರು. ನನ್ನ ಕಾಲು ತಾನಾಗಿ ಹೊಸ್ತಿಲ ಕಡೆ ಹೋಯಿತು. ಒಳಗೆ ಹೋಗಿ ಏನಾದರೂ ಹೇಳಬೇಕೆನಿಸಿತು. ಮುನಿಯಣ್ಣ ಬೋರ್ಡನ್ನೊಮ್ಮೆ ನೋಡಿದರು, ತುಟಿ ಅಲ್ಲಾಡಿಸಿ ಓದಿದರು, ಆಮೇಲೆ ಅವರಿಗೂ ನಗು ಬಂತು.

"ಮದುವೇನೂ ಬೆಸೆಯೋ ಕೆಲಸಾನೇ ಅಲ್ವಾ" ಎಂದು ಸೀಮೆಸುಣ್ಣವನ್ನು ಆ ಹುಡುಗಿಯ ಕಡೆ ಚಾಚಿದರು. "ಲ ಎಲ್ಲಿ ಬರಬೇಕು? ಬಾ, ತೋರಿಸು."

ಅವಳು ಎದ್ದು ಹೋಗಿ ಬರೆದಳು. ಮುನಿಯಣ್ಣ ಅವಳ ಕೈಯನ್ನೇ ಗಮನವಿಟ್ಟು ನೋಡುತ್ತಾ ನಿಂತಿದ್ದು, ಸೀಮೆಸುಣ್ಣ ತೆಗೆದುಕೊಂಡು ಅದರ ಕೆಳಗೆ ತಾವೂ ಒಮ್ಮೆ ನಿಧಾನವಾಗಿ ಬರೆದರು. ಸರಿಯಾಯಿತಾ ಎಂದು ಅವಳ ಮುಖ ನೋಡಿದರು. ಅವಳು ತಲೆಯಾಡಿಸಿದಳು.

ನಾನು ಒಳಗೆ ಹೋಗಲಿಲ್ಲ. ಕಾರ್ಖಾನೆಯ ಆಫೀಸಿನಲ್ಲಿ ಭೇಟಿಯ ಪುಸ್ತಕ ಕೇಳಿ ತೆಗೆದುಕೊಂಡು, ಷರಾ ಎಂಬ ಜಾಗದಲ್ಲಿ 'ಖುದ್ದಾಗಿ ನೋಡಿದೆ, ಕಲಿಕೆ ನಡೆಯುತ್ತಿದೆ' ಎಂದು ಬರೆದು ಸಹಿ ಮಾಡಿದೆ.